ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ?

ಪ್ರಶ್ನೆ: ನಮ್ಮದು ಹೊಸದುರ್ಗ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ರಾಸಾಯನಿಕಗಳ ಬಳಕೆ ಕಡಿಮೆಯಾಗಲಿ ಎಂದು ಫಿನಾಯಿಲ್, ಸೊಳ್ಳೆಬತ್ತಿ ಬಿಟ್ಟಿದ್ದೇವೆ. ಆದರೆ ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಎನ್ನುತ್ತಾರೆ. ಕುದಿಸಿ ಆರಿಸಿ ಕುಡಿಯುತ್ತೇವೆ, ಇಷ್ಟು ಸಾಕೇ? ಅದೇ ನೀರಿನಲ್ಲಿ ಮಕ್ಕಳಿಗೆ ಸ್ನಾನ ಮಾಡಿಸಬಹುದೇ?

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು. ರಾಸಾಯನಿಕ ಎಂದೊಡನೆ ಅಂಗಡಿಯಿಂದ ತಂದ ಬಾಟಲಿಗಳೇ ಎಲ್ಲರಿಗೂ ನೆನಪಾಗುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಮನೆಗಳಲ್ಲಿ ಮೊದಲು ವಿಚಾರಿಸಬೇಕಾದದ್ದು ಕುಡಿಯುವ ನೀರಿನ ಕೊಡವನ್ನು. ನಿಮ್ಮ ಸ್ನಾನದ ಪ್ರಶ್ನೆಗೆ ಉತ್ತರ ಸುಲಭ: ಧಾರಾಳವಾಗಿ ಮಾಡಿಸಿ. ಫ್ಲೋರೈಡ್ ಚರ್ಮದ ಮೂಲಕ ಲೆಕ್ಕಕ್ಕೆ ಬರುವಷ್ಟು ಒಳಗೆ ಹೋಗುವುದಿಲ್ಲ. ಬಟ್ಟೆ, ಪಾತ್ರೆ ತೊಳೆಯುವುದಕ್ಕೂ ಅಡ್ಡಿಯಿಲ್ಲ. ಬದಲಾಯಿಸಬೇಕಾದದ್ದು ಕುಡಿಯುವ ಮತ್ತು ಅಡುಗೆಯ ನೀರು ಮಾತ್ರ. ಅಡುಗೆಯನ್ನು ಹಲವರು ಮರೆಯುತ್ತಾರೆ. ಅನ್ನವಾಗಲಿ ಮುದ್ದೆಯಾಗಲಿ, ಎಸರಿನಲ್ಲಿದ್ದದ್ದು ತಟ್ಟೆಗೇ ಬರುತ್ತದೆ.

ಈ ಫ್ಲೋರೈಡನ್ನು ಯಾರೂ ಬೆರೆಸಿದ್ದಲ್ಲ. ದುರ್ಗದ ಕೋಟೆಯ ಗುಡ್ಡದಲ್ಲಿ ಕಾಣುವಂಥ ಗ್ರಾನೈಟ್ ಜಾತಿಯ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿರುತ್ತವೆ. ಬೋರ್‌ವೆಲ್ ಆಳಕ್ಕಿಳಿದಂತೆ, ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತು ಅವನ್ನು ಕರಗಿಸಿಕೊಂಡ ನೀರು ಮೇಲೆ ಬರುತ್ತದೆ. ವಾಣಿವಿಲಾಸ ಸಾಗರದಂಥ ಜಲಾಶಯದ ನೀರಿನಲ್ಲಿ ಈ ತೊಂದರೆ ಸಾಮಾನ್ಯವಾಗಿ ಕಡಿಮೆ.

ಇನ್ನು ಕುದಿಸುವ ವಿಚಾರ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆ ಮಟ್ಟಿಗೆ ನಿಮ್ಮ ಅಭ್ಯಾಸ ಸರಿಯೇ. ಫ್ಲೋರೈಡ್ ಜೀವಿಯಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಸಾರು ಬತ್ತಿದಾಗ ಉಪ್ಪು ಮುಂದಾಗುವುದಿಲ್ಲವೇ, ಹಾಗೆಯೇ ಇದೂ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 10 ಲೀಟರ್ ನೀರು ಕುದ್ದು 8 ಲೀಟರಿಗೆ ಇಳಿದರೆ, ಲೀಟರಿಗೆ 2.5 ಮಿಲಿಗ್ರಾಂ ಆಗುತ್ತದೆ. ಕ್ಯಾಂಡಲ್ ಫಿಲ್ಟರಾಗಲಿ ಯುವಿ ದೀಪವಾಗಲಿ ಇದನ್ನು ತೆಗೆಯಲಾರವು.

ಪಾತ್ರೆಯ ತಳದ ಬಿಳಿ ಪೊರೆಯೇ ಫ್ಲೋರೈಡ್ ಎಂದು ಅನೇಕರು ತಿಳಿಯುತ್ತಾರೆ. ಹಾಗೆ ಅನ್ನಿಸುವುದು ಸಹಜ. ಅದು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲೇ ಫ್ಲೋರೈಡ್ ಹೆಚ್ಚು ಕರಗಿರುವುದೂ ಉಂಟು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿಯುವಾಗ ರುಚಿಯೂ ತಿಳಿಯದು. ಅಂಗಡಿಯವರು ತೋರಿಸುವ ಟಿಡಿಎಸ್ ಮೀಟರ್ ಕೂಡ ಫ್ಲೋರೈಡನ್ನು ಬೇರೆಯಾಗಿ ಅಳೆಯುವುದಿಲ್ಲ.

ಹಾಗಾಗಿ ಪರೀಕ್ಷೆಯೇ ದಾರಿ. ಜಲ ಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷಾ ಕಿಟ್ ಕೊಡಲಾಗಿದೆ, ಅಲ್ಲಿ ವಿಚಾರಿಸಿ. ಖಚಿತ ಅಂಕಿಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಕೊಡಿ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5 ಕಡೆಯ ಮಿತಿ. ಪಕ್ಕದ ಮನೆಯ ಬೋರ್‌ವೆಲ್‌ನ ಅಂಕಿ ನಿಮ್ಮದಕ್ಕೆ ಹೊಂದಬೇಕೆಂದಿಲ್ಲ.

ಮಿತಿ ಮೀರಿದ್ದರೆ, ಆರ್‌ಒ ಇರುವ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತನ್ನಿ. ಆರ್‌ಒ ಯಂತ್ರದ ಸೋಸುವ ಪೊರೆ ಹಳತಾದರೆ ಕೆಲಸ ಕೆಡುತ್ತದೆ, ಆದ್ದರಿಂದ ಆ ನೀರನ್ನೂ ಆಗಾಗ ಪರೀಕ್ಷಿಸಲು ಪಂಚಾಯಿತಿಯನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು. ನನ್ನ ಒಲವು ಮಾತ್ರ ಮಳೆನೀರಿನ ಕಡೆಗೆ. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೂ 1000 ಚದರಡಿ ತಾರಸಿಯ ಮೇಲೆ ಸುಮಾರು 46,000 ಲೀಟರ್ ಬೀಳುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 50 ಲೀಟರ್ ಹಿಡಿದರೆ ವರ್ಷಕ್ಕೆ 18,250 ಲೀಟರ್ ಬೇಕು. ಸೋರಿ ಹೋದದ್ದು, ಆವಿಯಾದದ್ದು ಕಳೆದರೂ ಸಾಲುತ್ತದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ, ತೊಟ್ಟಿಗೆ ಬೆಳಕು ಬೀಳದಂತೆ ಮುಚ್ಚಿ. ಈ ನೀರನ್ನು ಕುದಿಸಿ ಕುಡಿಯುವುದರಲ್ಲಿ ಅರ್ಥವಿದೆ.

ಮಕ್ಕಳ ವಿಚಾರದಲ್ಲಿ ತಡಮಾಡಬೇಡಿ. ಕಾಯಂ ಹಲ್ಲುಗಳ ಎನಾಮಲ್ ಒಸಡಿನೊಳಗೆ ಸುಮಾರು 8 ವರ್ಷದವರೆಗೆ ರೂಪುಗೊಳ್ಳುತ್ತದೆ, ಕಂದು ಕಲೆ ಬೀಳುವುದು ಆ ಅವಧಿಯಲ್ಲೇ. ಬಿದ್ದ ಕಲೆ ನೀರು ಬದಲಿಸಿದರೆ ಹೋಗದು. ದೊಡ್ಡವರು ಹೆಚ್ಚು ಫ್ಲೋರೈಡಿನ ನೀರನ್ನು ಹಲವು ವರ್ಷ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಹಾಲು, ರಾಗಿ ಮುಂತಾದ ಕ್ಯಾಲ್ಸಿಯಂ ಇರುವ ಆಹಾರ ಫ್ಲೋರೈಡ್ ಮೈಗೆ ಸೇರುವುದನ್ನು ಸ್ವಲ್ಪ ತಗ್ಗಿಸುತ್ತದೆ. ಚಹಾ ಎಲೆಯಲ್ಲಿ ಫ್ಲೋರೈಡ್ ಸಹಜವಾಗಿಯೇ ಇರುವುದರಿಂದ ಮಕ್ಕಳಿಗೆ ಚಹಾ ಬೇಡ. ಮೂರು ದಾಟಿದ ಮಗುವಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ನುಂಗದೆ ಉಗಿಯುವವರೆಗೆ ದೊಡ್ಡವರೊಬ್ಬರು ಪಕ್ಕದಲ್ಲಿರಲಿ.