ಕೂದಲು ಕಟ್ಟಿದ ಗಾಳ: ರೋಮ ಯಾವುದು, ಲೋಹ ಯಾವುದು

ಕೊಕ್ಕೆಯ ಕೊರಳಿಗೆ ಲೋಹದ ಸಣ್ಣ ಗುಂಡನ್ನು ಎರಕ ಹೊಯ್ದು, ಅದರ ಹಿಂದೆ ರೋಮವನ್ನು ಬಾಲದಂತೆ ಕಟ್ಟಿದ ಗಾಳಕ್ಕೆ ಜಿಗ್ ಎಂದು ಹೆಸರು. ಇದಕ್ಕೆ ಎರೆಹುಳು ಬೇಕಿಲ್ಲ. ನೀರಿನಲ್ಲಿ ಎಳೆದಾಗ ರೋಮವು ಅರಳುತ್ತ ಮುದುಡುತ್ತ ಮರಿಮೀನಿನಂತೆ ಕಾಣುವುದರಿಂದ ಕೊರವ, ಬಾಳೆ ಮೊದಲಾದ ಬೇಟೆಗಾರ ಮೀನುಗಳು ಅದರ ಮೇಲೆ ಎರಗುತ್ತವೆ. ಕೆರೆ ಹಾಗೂ ಹಿನ್ನೀರಿನ ಅಂಚಿನ ಗ್ರಾಮಗಳಲ್ಲಿ ಇಂತಹ ಗಾಳವನ್ನು ಮನೆಯಲ್ಲಿಯೇ ತಯಾರಿಸುವವರಿದ್ದರೆ, ಸದಸ್ಯರು ಅವರಿಗೆ ತಿಳಿಸಬೇಕಾದ ಸಂಗತಿಗಳಿವೆ.

ಈ ಗಾಳ ಹೆಚ್ಚು ಪ್ರಚಾರದಲ್ಲಿರುವ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯ ಬಾಲದ ರೋಮವನ್ನು ಬಳಸುವುದು ರೂಢಿ. ಅಲ್ಲಿ ಪರವಾನಗಿ ಪಡೆದು ಆ ಜಿಂಕೆಯನ್ನು ಬೇಟೆಯಾಡಬಹುದು. ನಮ್ಮಲ್ಲಿ ಹಾಗಿಲ್ಲ. 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ ವ್ಯಾಖ್ಯೆಯಲ್ಲಿ ಕೊಂಬು, ಉಗುರುಗಳ ಜೊತೆಗೆ ರೋಮ ಮತ್ತು ಗರಿಯನ್ನೂ ಹೆಸರಿಸಲಾಗಿದೆ. ಜಿಂಕೆ ಅಥವಾ ಕಡವೆಯ ಒಂದು ಹಿಡಿ ರೋಮವೂ ಮೊಕದ್ದಮೆಗೆ ಕಾರಣವಾಗಬಲ್ಲದು. ಕಾಡಿನಲ್ಲಿ ಸತ್ತು ಬಿದ್ದಿತ್ತು ಎಂಬ ಸಮಜಾಯಿಷಿಯೂ ನಿಲ್ಲುವುದಿಲ್ಲ. ಸತ್ತ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು. ಮುಂಗುಸಿಯ ಕೂದಲಿನ ಬಣ್ಣದ ಕುಂಚಗಳು ನಿಷಿದ್ಧವಾಗಿರುವುದೂ ಇದೇ ಕಾನೂನಿನಂತೆ. ಕೆಲವೇ ರೂಪಾಯಿ ಬೆಲೆಯ ಗಾಳಕ್ಕಾಗಿ ಕಾಡಂಚಿನ ಕುಟುಂಬವೊಂದು ನ್ಯಾಯಾಲಯಕ್ಕೆ ಅಲೆಯುವಂತಾಗಬಾರದು.

ಆಡಿನ ರೋಮ ಸಾಕು. ಆದರೆ ದಿಢೀರನೆ ಸತ್ತ ಆಡಿನ ರೋಮವನ್ನು ಮುಟ್ಟಲೇಬಾರದು. ನೆರಡಿ ರೋಗದ ಸೋಂಕು ತೊಗಲು ಮತ್ತು ರೋಮದಿಂದಲೂ ಮನುಷ್ಯರಿಗೆ ತಗಲುತ್ತದೆ. ಆರೋಗ್ಯವಂತ ಆಡಿನ ರೋಮವನ್ನು ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು.

ಕಟ್ಟುವ ಕ್ರಮ ಸರಳ. ಮೊದಲು ಗುಂಡಿನ ಹಿಂಭಾಗದಲ್ಲಿ ಗಟ್ಟಿ ನೂಲನ್ನು ಒತ್ತಾಗಿ ಸುತ್ತಬೇಕು. ಬರಿಯ ಕಬ್ಬಿಣದ ಮೇಲೆ ರೋಮ ನಿಲ್ಲದೆ ಜಾರುತ್ತದೆ. ಬೆಂಕಿಕಡ್ಡಿಯಷ್ಟು ದಪ್ಪದ ಎಳೆಗಳನ್ನು ತುದಿ ಸಮವಾಗುವಂತೆ ಜೋಡಿಸಿ, ಬುಡವನ್ನು ಗುಂಡಿನ ಕಡೆಗಿಟ್ಟು, ಎರಡು ಸುತ್ತು ಸಡಿಲವಾಗಿ ಹಾಕಿ ಆಮೇಲೆ ಬಿಗಿಯಬೇಕು. ಮೊದಲ ಸುತ್ತನ್ನೇ ಬಿಗಿದರೆ ಎಳೆಗಳೆಲ್ಲ ಒಂದೇ ಪಕ್ಕಕ್ಕೆ ಹೊರಳುತ್ತವೆ. ಹೀಗೆಯೇ ಸುತ್ತಲೂ ನಾಲ್ಕೈದು ಕಡೆ ಕಟ್ಟಿದರೆ ಸಾಕು. ಹೊಸಬರು ದಟ್ಟವಾಗಿ ಕಟ್ಟುತ್ತಾರೆ. ದಟ್ಟ ಬಾಲ ನೀರಿನಲ್ಲಿ ಪೊರಕೆಯಂತೆ ನಿಲ್ಲುತ್ತದೆಯೇ ಹೊರತು ಆಡುವುದಿಲ್ಲ. ಬಾಲ ಉದ್ದವಾಗಬೇಕೆಂದರೆ ಉದ್ದನೆಯ ರೋಮವನ್ನೇ ಆರಿಸಬೇಕು. ತುದಿಯನ್ನು ಕತ್ತರಿಸಿದರೆ ಅದರ ಮೃದುತನ ಹೋಗುತ್ತದೆ. ಕೊನೆಗೆ ಗಂಟಿನ ಮೇಲೆ ಉಗುರುಬಣ್ಣ ಹಚ್ಚಿದರೆ ನೂಲು ಬಿಚ್ಚಿಕೊಳ್ಳುವುದಿಲ್ಲ.

ಹೆಚ್ಚಿನ ಅಪಾಯವಿರುವುದು ಗುಂಡಿನಲ್ಲಿ. ಸೀಸವು 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ಅಡುಗೆಯ ಒಲೆಯ ಮೇಲೂ ಕಾಯಿಸಬಹುದು. ತೊಂದರೆ ಇರುವುದೇ ಅಲ್ಲಿ. ಅದರ ಹೊಗೆ ಮತ್ತು ಧೂಳು ಮನೆಯೊಳಗೆ ನೆಲ, ಪಾತ್ರೆ, ಬಟ್ಟೆಗಳ ಮೇಲೆ ಕೂರುತ್ತದೆ. ತೆವಳುವ ಮಗು ಕೈಯನ್ನು ಬಾಯಿಗಿಟ್ಟಾಗ ಒಳಗೆ ಸೇರುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಆಗುವ ಹಾನಿ ಮರಳಿ ಸರಿಹೋಗುವಂಥದ್ದಲ್ಲ. ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ತೆಗೆಯುವುದು ಇನ್ನೂ ಕೆಟ್ಟದ್ದು. ಅಚ್ಚಿನಲ್ಲಿ ನೀರಿನ ಪಸೆ ಉಳಿದಿದ್ದರೆ ಕಾದ ಸೀಸ ಸಿಡಿದು ಕಣ್ಣಿಗೆ ಬೀಳುತ್ತದೆ. ಗಾಳದ ಸೀಸವನ್ನು ನುಂಗಿ ಹಂಸಗಳು ಸತ್ತದ್ದರಿಂದ ಬ್ರಿಟನ್ 1987ರಲ್ಲಿಯೇ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು ನಿರ್ಬಂಧಿಸಿತು.

ಮನೆಯಲ್ಲಿ ಎರಕ ಹೊಯ್ಯುವ ಬದಲು ಸೀಸವಲ್ಲದ ಸಿದ್ಧ ಗುಂಡು, ಇಲ್ಲವೇ ಹಿತ್ತಾಳೆಯ ಮಣಿಯನ್ನು ಕೊಕ್ಕೆಗೆ ಪೋಣಿಸಿಕೊಳ್ಳಬಹುದು. ಈಗಾಗಲೇ ಸೀಸ ಕಾಯಿಸಿದ ಪಾತ್ರೆಯಿದ್ದರೆ ಅದನ್ನು ಮತ್ತೆ ಅಡುಗೆಗೆ ಬಳಸಕೂಡದು, ದನಕರುಗಳ ಮುಸುರೆಗೂ ಇಡಕೂಡದು.