ಸೂರ್ಯನಿಂದ ಭೂಮಿಗೆ ಇಪ್ಪತ್ತೆರಡು ಪರದೆ

ಪ್ರಶ್ನೆ: ಆರನೇ ತರಗತಿಯ ಮಗಳಿಗೆ ಸೌರವ್ಯೂಹದ ಪಾಠ ಹೇಳಿಕೊಡುತ್ತಿದ್ದೆ. ಪುಸ್ತಕದ ಚಿತ್ರದಲ್ಲಿ ಗ್ರಹಗಳೆಲ್ಲ ಒಂದರ ಪಕ್ಕ ಒಂದು ಸಾಲಾಗಿ ಕೂತಿವೆ. “ಅಮ್ಮಾ, ನಿಜವಾಗ್ಲೂ ಹೀಗೇ ಇದೆಯಾ?” ಎಂದು ಕೇಳಿದಳು. ಅಳತೆಗೆ ಸರಿಯಾದ ಚಿತ್ರಕ್ಕಾಗಿ ಅಂತರ್ಜಾಲದಲ್ಲಿ ಹುಡುಕಿದಾಗ ಒಂದು ಪುಟ ಸಿಕ್ಕಿತು. ಎಷ್ಟು ಸರಿಸಿದರೂ ಬರೀ ಕಪ್ಪು. ನಮ್ಮ ಫೋನ್ ಕೆಟ್ಟಿದೆಯೋ, ಚಿತ್ರವೇ ಹಾಗೋ?
— ಒಬ್ಬ ಓದುಗರು, ಶಿರಸಿ

ಉತ್ತರ: ನಿಮ್ಮ ಫೋನ್ ಚೆನ್ನಾಗಿಯೇ ಇದೆ. ನೀವು ನೋಡಿದ ಆ ಕಪ್ಪೇ ಸೌರವ್ಯೂಹ. ಗ್ರಹಗಳು ಅದರಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದಿರುವ ಕಾಳುಗಳು, ಅಷ್ಟೇ.

ಪಠ್ಯಪುಸ್ತಕಕ್ಕೂ ಬೇರೆ ದಾರಿಯಿಲ್ಲ. ಭೂಮಿಯನ್ನು ಕಿರುಬೆರಳಿನ ಉಗುರಿನಷ್ಟು, ಅಂದರೆ 1 ಸೆಂಟಿಮೀಟರ್ ಅಗಲಕ್ಕೆ ಬರೆದರೆ ಸೂರ್ಯನನ್ನು ಒಂದು ಮೀಟರಿಗಿಂತ ದೊಡ್ಡದಾಗಿ ಬರೆಯಬೇಕು, ಅದೂ 117 ಮೀಟರ್ ಆಚೆ. ನೆಪ್ಚೂನ್ ಮೂರೂವರೆ ಕಿಲೋಮೀಟರ್ ದೂರ ಹೋಗುತ್ತದೆ. ಗಾತ್ರ, ದೂರ ಎರಡನ್ನೂ ಒಂದೇ ಹಾಳೆಯಲ್ಲಿ ಸರಿಯಾಗಿ ತೋರಿಸಲು ಆಗುವುದಿಲ್ಲ. ಪರದೆಗೆ ಆ ಕಟ್ಟಿಲ್ಲ. ಅದನ್ನು ಬೇಕಾದಷ್ಟು ದೂರ ಸರಿಸುತ್ತಾ ಹೋಗಬಹುದು.

ಇಂಥ ಪುಟಗಳಲ್ಲಿ ಹೆಸರಾದದ್ದು ಅಮೆರಿಕದ ವಿನ್ಯಾಸಕಾರ ಜೋಶ್ ವರ್ತ್ 2014ರಲ್ಲಿ ಮಾಡಿದ್ದು. ಅದರಲ್ಲಿ ಚಂದ್ರ ಒಂದೇ ಒಂದು ಪಿಕ್ಸೆಲ್. ಭೂಮಿ ನಾಲ್ಕು ಪಿಕ್ಸೆಲ್‌ಗೆ ತುಸು ಕಡಿಮೆ, ಗುರು ಸುಮಾರು 40, ಸೂರ್ಯ ಸುಮಾರು 400. ಸೂರ್ಯನಿಂದ ಭೂಮಿಗೆ ಮಾತ್ರ 43,000 ಪಿಕ್ಸೆಲ್! 1,920 ಪಿಕ್ಸೆಲ್ ಅಗಲದ ಕಂಪ್ಯೂಟರಿನಲ್ಲಿ ಇಪ್ಪತ್ತೆರಡು ಪರದೆ ದಾಟಿದರೆ ಭೂಮಿ. ನೆಪ್ಚೂನ್ ತಲುಪಲು ಆರುನೂರಕ್ಕೂ ಹೆಚ್ಚು ಪರದೆ ದಾಟಬೇಕು.

ಆ ಪುಟದ ಮೂಲೆಯಲ್ಲೊಂದು ಗುಂಡಿ ಇದೆ. ಒತ್ತಿದರೆ ಪುಟ ತಾನಾಗಿಯೇ ಬೆಳಕಿನ ವೇಗದಲ್ಲಿ ಸರಿಯತೊಡಗುತ್ತದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಪ್ಪದೆ ಒತ್ತಿ ನೋಡಿ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು ಇಲ್ಲಿ ತೆವಳುತ್ತದೆ: ಸೆಕೆಂಡಿಗೆ 86 ಪಿಕ್ಸೆಲ್. ಒಂದು ಪರದೆ ದಾಟಲು 22 ಸೆಕೆಂಡು, ಭೂಮಿಗೆ ಬರಲು ಎಂಟು ನಿಮಿಷದ ಮೇಲೆ, ನೆಪ್ಚೂನ್‌ಗೆ ನಾಲ್ಕು ಗಂಟೆ ದಾಟುತ್ತದೆ. ‘ಸೂರ್ಯನ ಬೆಳಕು ನಮ್ಮನ್ನು ತಲುಪಲು ಎಂಟು ನಿಮಿಷ’ ಎಂದು ಬಾಯಿಪಾಠ ಮಾಡಿದವರಿಗೆ ಆ ಎಂಟು ನಿಮಿಷ ಎಷ್ಟು ದೀರ್ಘ ಎಂಬುದು ಕಾಯುತ್ತಾ ಕೂತಾಗಲೇ ಗೊತ್ತಾಗುವುದು.

ನಮ್ಮ ಇಸ್ರೋದ ಆದಿತ್ಯ-ಎಲ್1 ನೌಕೆಯನ್ನೂ ಇದೇ ಅಳತೆಯಲ್ಲಿ ಇಟ್ಟು ನೋಡಿ. 2023ರ ಸೆಪ್ಟೆಂಬರ್ 2ರಂದು ಹೊರಟು, ನಾಲ್ಕು ತಿಂಗಳು ಪಯಣಿಸಿ, 2024ರ ಜನವರಿ 6ರಂದು ತನ್ನ ನೆಲೆ ಸೇರಿತು. ಅದು ಸೂರ್ಯನ ಹತ್ತಿರ ಹೋಗಿದೆ ಎಂದೇ ಹಲವರು ತಿಳಿದಿದ್ದಾರೆ. ಭೂಮಿಯಿಂದ ಅದರ ನೆಲೆಗೆ ಇರುವ ದೂರ 15 ಲಕ್ಷ ಕಿಲೋಮೀಟರ್. ಪರದೆಯ ಮೇಲೆ 430 ಪಿಕ್ಸೆಲ್ ಚಿಲ್ಲರೆ. ಇನ್ನೂ 42,000ಕ್ಕೂ ಹೆಚ್ಚು ಪಿಕ್ಸೆಲ್ ಆಚೆ ಸೂರ್ಯನಿದ್ದಾನೆ. ಆದಿತ್ಯ ಕ್ರಮಿಸಿದ್ದು ನೂರರಲ್ಲಿ ಒಂದು ಪಾಲು. ಇದರಿಂದ ಆ ಸಾಧನೆ ಕಿರಿದಾಗುವುದಿಲ್ಲ. ಗ್ರಹಣದ ಅಡ್ಡಿಯಿಲ್ಲದೆ ಸೂರ್ಯನನ್ನು ಸದಾ ನೋಡುತ್ತಿರಲು ಬೇಕಾದ ಜಾಗ ಅದೇ.

ಪರದೆಯಲ್ಲಿ ನೋಡಿದ್ದನ್ನು ಕಾಲಿನಲ್ಲೂ ಅಳೆಯಬಹುದು. ಗೈ ಒಟ್ಟೆವೆಲ್ ಎಂಬ ಖಗೋಳ ಲೇಖಕರು ಭೂಮಿಯನ್ನು ಕಾಳುಮೆಣಸು ಮಾಡಿ ಇಂಥ ನಡಿಗೆಯೊಂದನ್ನು ರೂಪಿಸಿದರು. ಅವರ ಲೆಕ್ಕದಲ್ಲಿ ಭೂಮಿಗೆ 2 ಮಿಲಿಮೀಟರ್ ಸಾಕು. ನಮ್ಮ ಮೆಣಸು ಅದಕ್ಕೆ ದಪ್ಪವಾದೀತು. ಒಗ್ಗರಣೆ ಡಬ್ಬಿಯ ದಪ್ಪ ಸಾಸಿವೆ ಕಾಳು ಹೆಚ್ಚು ಹೊಂದುತ್ತದೆ. ಸೂರ್ಯನಿಗೆ ವಾಲಿಬಾಲ್, ಗುರುವಿಗೆ ಸುಲಿದ ಸಣ್ಣ ಅಡಿಕೆ, ಚಂದ್ರನಿಗೆ ರವೆಯ ಕಣ. ಚೆಂಡನ್ನು ರಸ್ತೆಯ ಪಕ್ಕದಲ್ಲಿಟ್ಟು 26 ಉದ್ದ ಹೆಜ್ಜೆ ಹಾಕಿದರೆ ಭೂಮಿ. ಸಾಸಿವೆಯಿಂದ 6 ಸೆಂಟಿಮೀಟರ್ ದೂರದಲ್ಲಿ ರವೆ ಕಣ ಇಡಿ: ಮನುಷ್ಯ ಈವರೆಗೆ ಕಾಲಿಟ್ಟ ಅತಿ ದೂರದ ಜಾಗ ಅದು. ಚೆಂಡಿನಿಂದ ಗುರುವಿಗೆ 135 ಹೆಜ್ಜೆ, ನೆಪ್ಚೂನ್‌ಗೆ 777. ನಮ್ಮ ನೆರೆಯ ನಕ್ಷತ್ರವನ್ನು ಇಡಲು ಸುಮಾರು 6,300 ಕಿಲೋಮೀಟರ್ ಹೋಗಬೇಕು. ಕನ್ಯಾಕುಮಾರಿಯಿಂದ ಕಾಶ್ಮೀರದ ತುದಿಗೆ ಇರುವ ದೂರದ ಸುಮಾರು ಎರಡು ಪಟ್ಟು.

ಒಂದು ಮಾತು ಮಗಳಿಗೆ ಹೇಳಿ. ಗ್ರಹಗಳು ಹೀಗೆ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ತಮ್ಮ ತಮ್ಮ ಕಕ್ಷೆಯಲ್ಲಿ ಸುತ್ತುತ್ತಿರುತ್ತವೆ. ಪುಟವಾಗಲಿ ನಡಿಗೆಯಾಗಲಿ, ಸರಿಯಾಗಿ ತೋರಿಸುವುದು ಗಾತ್ರವನ್ನೂ ಸೂರ್ಯನಿಂದ ಇರುವ ದೂರವನ್ನೂ.

ಕೊನೆಗೆ ಸಾಸಿವೆಯ ಬಳಿ ನಿಂತು ಇಬ್ಬರೂ ಹಿಂತಿರುಗಿ ಆ ಚೆಂಡನ್ನು ನೋಡಿ. ಇಪ್ಪತ್ತಾರು ಹೆಜ್ಜೆಯಾಚೆ ಅದು ಹುಣ್ಣಿಮೆ ಚಂದ್ರನಷ್ಟೇ, ಅಂದರೆ ಆಕಾಶದ ಸೂರ್ಯನಷ್ಟೇ ದೊಡ್ಡದಾಗಿ ಕಾಣುತ್ತದೆ. ಅಳತೆ ಸರಿಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. “ನಿಜವಾಗ್ಲೂ ಹೀಗೇ ಇದೆಯಾ?” ಎಂದು ಆಗ ಮತ್ತೆ ಕೇಳಿದರೆ, “ಹೌದು ಮಗಾ, ಹೀಗೇ ಇದೆ” ಎಂದು ನೀವು ಧೈರ್ಯವಾಗಿ ಹೇಳಬಹುದು.