ನಿಮ್ಮ ಕಂದಾಯ ಯಾರಿಗೆ ಸಲ್ಲತಕ್ಕದ್ದು?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಆಸುಪಾಸಿನಲ್ಲಿ ಸಾಲ ಮಾಡಿ ಒಂದು ನಿವೇಶನವನ್ನೋ ಫ್ಲ್ಯಾಟನ್ನೋ ಸಂಪಾದಿಸಿದ ಗೃಹಸ್ಥನು, ಚರಂಡಿ ಉಕ್ಕಿ ಹರಿದ ದಿನ ತನ್ನ ದೂರನ್ನು ಯಾವ ಕಚೇರಿಗೆ ಒಯ್ಯಬೇಕೆಂದು ತಿಳಿಯದೆ ಅಲೆಯುವುದಕ್ಕೆ ಕಾರಣ ಆತನ ಔದಾಸೀನ್ಯವಲ್ಲ. ಈ ಹೊರವಲಯದಲ್ಲಿ ಸ್ಥಳೀಯಾಡಳಿತದ ಎಲ್ಲೆಗಳು ಮೇಲಿಂದ ಮೇಲೆ ಬದಲಾಗಿರುವುದೇ ಅದಕ್ಕೆ ಕಾರಣ. ಆದಕಾರಣ, ಹಣ ಕಟ್ಟುವುದಕ್ಕಿಂತ ಮೊದಲು ತಾನು ಯಾವ ಸಂಸ್ಥೆಯ ಪ್ರಜೆಯೆಂಬುದನ್ನು ಪ್ರತಿಯೊಬ್ಬನೂ ನಿಶ್ಚಯಿಸಿಕೊಳ್ಳತಕ್ಕದ್ದು.

2007ರಲ್ಲಿ ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ ಮುಂತಾದ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ ನೂರಕ್ಕೂ ಹೆಚ್ಚು ಗ್ರಾಮಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾದವು. ಆ ಪಾಲಿಕೆಯೇ 2025ರ ಸೆಪ್ಟೆಂಬರಿನಲ್ಲಿ ಐದು ನಗರಪಾಲಿಕೆಗಳಾಗಿ ವಿಭಕ್ತವಾಯಿತು. ವೈಟ್‌ಫೀಲ್ಡ್ ಈಗ ಬೆಂಗಳೂರು ಪೂರ್ವ ನಗರಪಾಲಿಕೆಗೆ ಸೇರಿದ್ದರೂ, ಕಾಡುಗೋಡಿಯನ್ನು ದಾಟಿ ಮುಂದೆ ಹೋದರೆ ಕನ್ನಮಂಗಲ ಗ್ರಾಮ ಪಂಚಾಯಿತಿಯ ಸೀಮೆ. ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ನಿವೇಶನಗಳಿಂದ ತೆರಿಗೆಯನ್ನು ಸಂಗ್ರಹಿಸುವುದು 2013ರಲ್ಲಿ ಸ್ಥಾಪಿತವಾದ ಎಲ್ಸಿಟಾ ಎಂಬ ಕೈಗಾರಿಕಾ ನಗರ ಪ್ರಾಧಿಕಾರ; ಅಲ್ಲಿಂದ ಹೆದ್ದಾರಿಯಲ್ಲಿ ಆನೇಕಲ್ ಕಡೆಗೆ ಸಾಗಿದರೆ ಹೆಬ್ಬಗೋಡಿ ನಗರಸಭೆ, ಬೊಮ್ಮಸಂದ್ರ ಪುರಸಭೆ. ಕ್ರಯಪತ್ರದಲ್ಲಿರುವ ಗ್ರಾಮದ ಹೆಸರು ಮತ್ತು ಸರ್ವೆ ನಂಬರನ್ನು ಹಿಡಿದು ವಿಚಾರಿಸಿ. ಬ್ರೋಕರನ ಮಾತೂ ಅಂಚೆಯ ಪಿನ್ ಕೋಡೂ ಇಲ್ಲಿ ಪ್ರಮಾಣವಲ್ಲ.

ಎಲ್ಲೆಯ ನಿಶ್ಚಯವಾದ ಮೇಲೆ ಎರಡನೆಯದು ಖಾತೆ. ಪಾಲಿಕೆಯ ವ್ಯಾಪ್ತಿಯಲ್ಲಿ 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ. ಕರಡನ್ನು ಜಾಲತಾಣದಲ್ಲಿ ನೋಡಿ, ಆಧಾರ್, ಕ್ರಯಪತ್ರದ ಸಂಖ್ಯೆ, ತೆರಿಗೆ ರಸೀದಿ, ಬೆಸ್ಕಾಂ ಖಾತೆ ಸಂಖ್ಯೆ, ಸ್ವತ್ತಿನ ಛಾಯಾಚಿತ್ರಗಳನ್ನು ಒದಗಿಸಿ ಅಂತಿಮ ಪ್ರತಿಯನ್ನು ಪಡೆಯಬೇಕು. ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಪೀಣ್ಯದಲ್ಲಿ ಶೆಡ್ ಅಥವಾ ಕೈಗಾರಿಕಾ ನಿವೇಶನ ಪಡೆದವರು ಹಂಚಿಕೆ ಪತ್ರವನ್ನೂ ಲೀಸ್-ಕಂ-ಸೇಲ್ ಕರಾರನ್ನೂ ಜೊತೆಗಿಟ್ಟುಕೊಳ್ಳುವುದು ಉಚಿತ.

ಪಾಲಿಕೆಯ ತೆರಿಗೆಯು ಸ್ವಯಂ ಘೋಷಣೆಯಿಂದ ನಿರ್ಧರಿಸಲ್ಪಡುತ್ತದೆ. 2008ರಿಂದ ಜಾರಿಯಲ್ಲಿರುವ ಪದ್ಧತಿಯಲ್ಲಿ ಬಡಾವಣೆಯ ವಲಯ, ಕಟ್ಟಡದ ವಿಸ್ತೀರ್ಣ, ವಯಸ್ಸು, ಉಪಯೋಗ ಇವು ಲೆಕ್ಕದ ಅಂಗಗಳು. ಸ್ವಂತ ವಾಸದ ಮನೆಗೆ ದರ ಕಡಿಮೆ, ಬಾಡಿಗೆಯ ಮನೆಗೆ ಅಧಿಕ. ಆದ್ದರಿಂದ ಮನೆಯನ್ನು ಬಾಡಿಗೆಗೆ ಕೊಟ್ಟ ವರ್ಷವೇ ಘೋಷಣೆಯನ್ನು ಬದಲಿಸಬೇಕು. ಇಲ್ಲದಿದ್ದರೆ ಪರಿಶೀಲನೆಯಲ್ಲಿ ವ್ಯತ್ಯಾಸದೊಡನೆ ದಂಡವೂ ಬಂದೀತು. ಏಪ್ರಿಲಿನಲ್ಲಿಯೇ ಪೂರ್ತಿ ಕಟ್ಟಿದವರಿಗೆ ಶೇ. 5 ರಿಯಾಯಿತಿಯುಂಟು. ಸಂಬಳದಿಂದ ಮುರಿದುಕೊಳ್ಳುವ ವೃತ್ತಿ ತೆರಿಗೆಯನ್ನು ಸಂಗ್ರಹಿಸುವುದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ. ಅದನ್ನು ಕಟ್ಟಿದೆನೆಂದು ಪಾಲಿಕೆಯಲ್ಲಿ ವಾದಿಸಿ ಫಲವಿಲ್ಲ.

ಕಂದಾಯ ಕಟ್ಟಿದಲ್ಲಿಗೆ ಪೌರನ ಕರ್ತವ್ಯ ಮುಗಿಯಿತೆಂದು ಭಾವಿಸುವವರೇ ನಮ್ಮಲ್ಲಿ ಬಹುಮಂದಿ. ನನ್ನ ದೃಷ್ಟಿಯಲ್ಲಿ ಅದು ಅಲ್ಲಿಂದಲೇ ಆರಂಭವಾಗುತ್ತದೆ. ಸಕಾಲ ಅಧಿನಿಯಮದ ವ್ಯಾಪ್ತಿಯ ಸೇವೆಗೆ ಅರ್ಜಿ ಕೊಟ್ಟಾಗ 15 ಅಂಕಿಗಳ ಸ್ವೀಕೃತಿ ಸಂಖ್ಯೆಯನ್ನು (ಜಿ.ಎಸ್.ಸಿ. ಸಂಖ್ಯೆ) ಕೇಳಿ ಪಡೆಯಿರಿ. ಅವಧಿ ಮೀರಿದರೆ ಮೇಲ್ಮನವಿಗೆ ಅದೇ ಆಧಾರ. ನಿಮ್ಮ ಬೀದಿಯ ರಸ್ತೆಗೆ ವ್ಯಯವಾದ ಹಣವನ್ನು ಅರಿಯಬೇಕಾದರೆ, 2005ರ ಮಾಹಿತಿ ಹಕ್ಕು ಅಧಿನಿಯಮದಂತೆ 10 ರೂಪಾಯಿಯ ಪೋಸ್ಟಲ್ ಆರ್ಡರಿನೊಡನೆ, ಒಂದೇ ವಿಷಯಕ್ಕೆ ಸೀಮಿತಗೊಳಿಸಿ, 150 ಪದಗಳೊಳಗೆ ಅರ್ಜಿಯನ್ನು ಬರೆದು, ಕಾಮಗಾರಿಯ ಕಾರ್ಯಾದೇಶ, ಬಿಲ್ಲು ಮತ್ತು ಅಳತೆ ಪುಸ್ತಕದ ನಕಲುಗಳನ್ನು ಕೇಳಿ. ಉತ್ತರಕ್ಕೆ 30 ದಿನಗಳ ಅವಧಿ. ಬಾರದಿದ್ದರೆ ಅಲ್ಲಿಂದ 30 ದಿನಗಳೊಳಗೆ ಪ್ರಥಮ ಮೇಲ್ಮನವಿ.

ಪಂಚಾಯಿತಿಯ ಸೀಮೆಯಲ್ಲಿರುವವರಿಗೆ ಇದಕ್ಕಿಂತಲೂ ನೇರವಾದ ಮಾರ್ಗಗಳಿವೆ: ಗ್ರಾಮಸಭೆ, ಮತ್ತು ವರ್ಷಕ್ಕೊಮ್ಮೆ ಲೆಕ್ಕಪತ್ರಗಳನ್ನು ಜನರ ಮುಂದೆ ತೆರೆದಿಡುವ ಜಮಾಬಂದಿ. ಬಹುಮಹಡಿ ಕಟ್ಟಡಗಳ ನಿವಾಸಿಗಳು ಇವು ಹಳ್ಳಿಯವರ ಸಭೆಗಳೆಂದು ದೂರವುಳಿಯುವುದು ನಿಜವಾಗಿಯೂ ಶೋಚನೀಯ, ಏಕೆಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ ಆಗಿದ್ದಾರೆ. ಮುಂದಿನ ಸಭೆಯ ದಿನಾಂಕವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಲ್ಲಿ (ಪಿಡಿಒ) ವಿಚಾರಿಸಿ, ನೆರೆಯವರನ್ನೂ ಕರೆದುಕೊಂಡು ಹಾಜರಾಗಿರಿ.